ಬೀಗರ ಮುಂದೆ ಪಾಸ್ತಾ

ಇಟಲಿಯವರಿಗೆ ಪಾಸ್ತಾ ಕಲಿಸಿದವನೇ ನಾನು. ಸುಳ್ಳು ಬಿಡ್ರಿ, ಚಹಾ ಕುಡೀತಾ ಕೇಳ್ರಿ. ಹಂಪಿಯಲ್ಲಿ ಒಬ್ಬ ಇಟಲಿಯವನಿಗೆ ಮಿರ್ಚಿ ತಿನ್ನಿಸಿ ಅಳಿಸಿದ್ದೇನೆ, ಅಷ್ಟೇ. ಪಾಸ್ತಾ ಹುಚ್ಚು ನಮ್ಮ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಪಕ್ಕದ ಮನೆ ಇಂಜಿನಿಯರ್ ಸಾಹೇಬರದು. ಮಗಳನ್ನು ನೋಡಲು ಗಂಡಿನವರು ಬಂದಾಗಲೆಲ್ಲ, ಮೊಬೈಲ್ ನೋಡಿಕೊಂಡು ಆಯಾ ಹಂಗಾಮಿನ ಕಾಯಿ-ಹಣ್ಣು ಹಾಕಿ ಪಾಸ್ತಾ ತಾವೇ ಬೇಯಿಸುತ್ತಾರೆ. ಹಂಗಾಮು ಬದಲಾಗುತ್ತದೆ, ಬೀಗರು ಓಡುವುದು ಮಾತ್ರ ಬದಲಾಗುವುದಿಲ್ಲ.

೧. ಬೇಸಿಗೆ: ಮಾವಿನಕಾಯಿ

ಹೊಸಪೇಟೆಯವರು ಬಂದು ಕೂತಿದ್ದರು. "ಬೆಂದೈತೋ ಇಲ್ಲೋ ಹೆಂಗ ನೋಡೋದು?" ಎಂದರು ಸಾಹೇಬರು.

"ಗ್ವಾಡಿಗೆ ಒಗೀರಿ. ಅಂಟಿದ್ರ ಬೆಂದಂಗ," ಎಂದೆ.

ಬೀಗರ ತಲೆಯ ಮೇಲಿಂದಲೇ ಒಗೆದರು. ಅಂಟಿತು. ಗಂಡಿನ ತಂದೆ ಗೋಡೆ ನೋಡಿದ, ತಟ್ಟೆ ನೋಡಿದ, ಚಪ್ಪಲಿ ಹುಡುಕಿದ. ಪಾಸ್ತಾ ಇವತ್ತಿಗೂ ಗೋಡೆ ಬಿಟ್ಟಿಲ್ಲ. ಡ್ಯಾಂ ಕಟ್ಟುವಾಗ ಸಾಹೇಬರಿದ್ದಿದ್ದರೆ ಗಾರೆಯೇ ಬೇಕಿರಲಿಲ್ಲ.

೨. ಮಳೆಗಾಲದ ಕೊನೆ: ಸೀತಾಫಲ

ಸಂಡೂರಿನವರು ಪ್ರೀತಿಯಿಂದ ಒಂದು ಬುಟ್ಟಿ ಸೀತಾಫಲ ತಂದರು. ಸಾಹೇಬರು ಅದನ್ನೇ ಬೀಜಸಮೇತ ಪಾಸ್ತಾಕ್ಕೆ ಸುರಿದರು.

"ಬೀಜ ಎಲ್ಲಿ ಉಗುಳಬೇಕ್ರಿ?" ಎಂದ ಗಂಡಿನ ಸೋದರಮಾವ.

"ಇಟಲಿಯಾಗ ಉಗುಳಂಗಿಲ್ರಿ, ನುಂಗ್ತಾರ," ಎಂದೆ ನಾನು.

"ಹಂಗಾರ ಹುಡುಗೀನ ಅಲ್ಲೇ ಕೊಡ್ರಿ."

೩. ಚಳಿಗಾಲ: ಹಸಿಕಡಲೆ

ಈ ಸಲ ಕಂಪ್ಲಿಯವರು. ಮಗಳೇ ನನ್ನ ಹತ್ತಿರ ಬಂದಳು. "ಕಾಕಾ, ಈ ಹುಡುಗ ನನಗ ಪಸಂದ್ ಅದಾನ್ರಿ. ಅಪ್ಪನ್ನ ಅಡಿಗಿಮನಿಗೆ ಬಿಡಬ್ಯಾಡ್ರಿ."

ನಾನು ಹೋಗುವಷ್ಟರಲ್ಲಿ ಪಾಸ್ತಾ ಬಸಿದಾಗಿತ್ತು. ಸಾಹೇಬರ ಕೈಯಲ್ಲಿ ಕಡಲೆ ಬಟ್ಟಲು. ಅಷ್ಟರಲ್ಲಿ ಗಂಡಿನ ಅಜ್ಜಿ ನೀರು ಕೇಳುತ್ತ ಒಳಗೇ ಬಂದುಬಿಟ್ಟಳು. ಮದುವೆಗೆಂದು ಹೆಂಗಸರು ಹಿಟ್ಟನ್ನು ಬೆರಳಲ್ಲಿ ಒಂದೊಂದಾಗಿ ತೀಡಿ ಗವಲಿ ಮಾಡುತ್ತಾರಲ್ಲ, ಪಾಯಸಕ್ಕೆ, ಅಜ್ಜಿಯ ಕಣ್ಣಿಗೆ ಪಾಸ್ತಾ ಅದೇ ಆಗಿ ಕಂಡಿತು.

"ಯವ್ವಾ, ಗವಲಿ! ಎಲ್ಲಾ ಒಂದ ಅಳತಿ ಅದಾವಲ್ಲ! ಯಾರು ತೀಡಿದ್ದು?"

"ಹುಡುಗೀನ್ರಿ ಅಮ್ಮಾ. ನಾನ ಕಣ್ಣಾರೆ ಕಂಡೀನಿ," ಎಂದೆ. ಹುಡುಗಿಯ ತಾಯಿ ಜಾಣೆ. ಕಣ್ಣು ಮಿಟುಕಿಸುವುದರೊಳಗೆ ಹಾಲು-ಬೆಲ್ಲ ಸುರಿದಳು. ಅಜ್ಜಿ ಎರಡು ಬಟ್ಟಲು ಉಂಡು ಅಲ್ಲೇ ಮದುವೆ ಗಟ್ಟಿ ಮಾಡಿದಳು.

ಮರುವಾರ ಕಂಪ್ಲಿಯಿಂದ ಒಂದು ಚೀಲ ಗೋಧಿಹಿಟ್ಟು ಬಂತು, ಜೊತೆಗೆ ಅಜ್ಜಿಯ ಹುಕುಂ: "ಮದುವಿಗೆ ಊರಿಗೆಲ್ಲಾ ಗವಲಿ ಪಾಯಸ. ಹುಡುಗಿ ಕೈಲಿಂದನ ಆಗಬೇಕು."

ಹುಡುಗಿ ಚೀಲ ತಂದು ನನ್ನ ಮುಂದೆ ಇಟ್ಟಳು. "ಕಾಕಾ, ಕಣ್ಣಾರೆ ಕಂಡವರು ನೀವೊಬ್ರ. ಹೆಂಗ ತೀಡಿದೆ ಅಂತ ತೋರಿಸ್ರಿ."

ಹತ್ತು ದಿನದಿಂದ ತೀಡುತ್ತಿದ್ದೇನೆ, ಅರ್ಧ ಚೀಲ ಇನ್ನೂ ಹಂಗೇ ಐತಿ. ನೋಡ್ರಿ, ಬೆರಳೆಲ್ಲ ಸೆಟೆದು ಕೈ ಜೇಬಿನೊಳಗೆ ಹೋಗವಲ್ದು. ಈ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.