ಏಟು ಬೀಳದೆ ಮದುವೆಯಿಲ್ಲ

ಕಂಪ್ಯೂಟರಿನ ಎಡಪಕ್ಕೆಗೆ ಒಂದು ಏಟು ಬೀಳದೆ ಯಾವ ಗಂಡೂ ಹೆಣ್ಣೂ ಕಾನೂನಿನ ಪ್ರಕಾರ ಗಂಡ ಹೆಂಡತಿಯಾಗುವಂತಿಲ್ಲ. ಇದು ನಮ್ಮ ವಿವಾಹ ನೋಂದಣಿ ಕಚೇರಿಯ ಸ್ಥಾಯೀ ಆದೇಶ. ಹೊರಗಿನವರು ಇದನ್ನು ಓದಿ ನಗುತ್ತಾರೆ. ಈ ಕಚೇರಿಯ ಗುಮಾಸ್ತನಾದ ನನಗೆ ಆ ನಗು ಕಂಡರೆ ಮೈ ಉರಿಯುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆದಿಡುತ್ತಿದ್ದೇನೆ.

ಮದುವೆ ನೋಂದಾಯಿಸುವ ನಮ್ಮ ಸಾಫ್ಟ್‌ವೇರ್ ವಿಂಡೋಸ್ ಇದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಅದನ್ನು ಬರೆದವರು ಯಾರೋ, ಈಗ ಎಲ್ಲಿದ್ದಾರೋ ಯಾರಿಗೂ ತಿಳಿಯದು. ವಧೂವರರ ಹೆಸರು ತುಂಬಿಸಿ ಗುಂಡಿ ಒತ್ತಿದ ಕೂಡಲೆ ಪರದೆಯ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬಂದು, ಅದು ಅಲ್ಲೇ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಆಗ ಮೌಸಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳುವ ಅವರು ಮೌಸನ್ನು ಬೇರೆಯವರಿಗೆ ಮುಟ್ಟಲೂ ಬಿಡದ ಕಾರಣ ಆ ಹೆಸರು ಬಂದಿತ್ತು. ಅವರು ನಿಧಾನವಾಗಿ ಉಂಡು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಕಂಪ್ಯೂಟರಿನ ಎಡಪಕ್ಕೆಗೆ ಅಂಗೈಯಿಂದ ಒಂದು ಬಿಗಿಯುತ್ತಿದ್ದರು. ಪ್ರಮಾಣಪತ್ರ ಹೊರಗೆ ಬರುತ್ತಿತ್ತು.

ಅಷ್ಟು ಹೊತ್ತೂ ಜೋಡಿ ಎದುರಿನ ಬೆಂಚಿನ ಮೇಲೆ ಕೂತಿರಬೇಕು. ಕೆಲವರು ಪಿಸುಗುಟ್ಟುತ್ತಿದ್ದರು, ಕೆಲವರು ಜಗಳವಾಡುತ್ತಿದ್ದರು. ನೀರು ಕುಡಿದು ಬರುತ್ತೇನೆಂದು ಎದ್ದು ಹೋದ ಒಬ್ಬ ವರ ಇನ್ನೂ ಕುಡಿಯುತ್ತಿದ್ದಾನೆ. ಇದನ್ನೆಲ್ಲ ಗಮನಿಸಿದ ನೋಂದಣಾಧಿಕಾರಿಗಳು ಈ ಸಮಯಕ್ಕೆ 'ಪುನರಾಲೋಚನಾ ಅವಧಿ' ಎಂದೂ ಏಟಿಗೆ 'ಅಂತಿಮ ದೃಢೀಕರಣ' ಎಂದೂ ಹೆಸರಿಟ್ಟು ಸುತ್ತೋಲೆ ಹೊರಡಿಸಿದರು. ಮೇಲಿನವರು ಮೆಚ್ಚಿ ಅದನ್ನು ನಿಯಮಾವಳಿಗೆ ಸೇರಿಸಿದರು.

ಹೀಗಿರಲು ಒಂದು ದಿನ ಹಳೆಯ ಕಂಪ್ಯೂಟರ್ ಹೊಗೆ ಬಿಟ್ಟು ತೀರಿಕೊಂಡಿತು. ಬದಲಿಗೆ ಬಂದ ಹೊಸದರಲ್ಲಿ ವಿಂಡೋಸಿನ ಜಾಗದಲ್ಲಿ ಲಿನಕ್ಸ್ ಇತ್ತು. ಪುಕ್ಕಟೆ ಎಂಬ ಒಂದೇ ಅರ್ಹತೆಯ ಮೇಲೆ ಅದರ ಆಯ್ಕೆಯಾಗಿತ್ತು. ನಮ್ಮ ಸಾಫ್ಟ್‌ವೇರ್ ಅದರಲ್ಲಿ ಓಡಲೊಲ್ಲದು. ಮದುವೆಗಳು ನಿಂತವು. 'ಮುಂದಿನ ಆದೇಶದವರೆಗೆ ಸಾರ್ವಜನಿಕರು ತಮ್ಮ ಪ್ರೀತಿಯನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು' ಎಂಬ ನೋಟೀಸನ್ನು ನಾನೇ ಬಾಗಿಲಿಗೆ ಅಂಟಿಸಿದೆ.

ಆ ನೋಟೀಸಿನ ಮುಂದೆ ಬಾಯಿ ತೆರೆದು ನಿಂತವರಲ್ಲಿ ಒಬ್ಬಳು ಪ್ರೋಗ್ರಾಮರ್. ಪಕ್ಕದಲ್ಲಿದ್ದವನು ಅವಳನ್ನು ಮದುವೆಯಾಗಬೇಕಿದ್ದ ಕನ್ನಡಕದಂಗಡಿಯವನು. ಇಬ್ಬರೂ ಸೇರಿ ಒಂದು ಬಾಡಿಗೆ ಮನೆ ನೋಡಿಟ್ಟಿದ್ದರು. ಎರಡು ಕೋಣೆ, ಅಡುಗೆಮನೆಯಲ್ಲಿ ದೊಡ್ಡ ಕಿಟಕಿ. ಪ್ರೋಗ್ರಾಮರಿಗೆ ಆ ಕಿಟಕಿಯ ಮೇಲೆ ಪ್ರಾಣ. ಆದರೆ ತಿಂಗಳ ಕೊನೆಯೊಳಗೆ ಮದುವೆ ಪತ್ರ ತೋರಿಸದಿದ್ದರೆ ಮನೆ ಬೇರೆಯವರಿಗೆ ಎಂದು ಮನೆಯೊಡತಿ ಖಡಾಖಂಡಿತವಾಗಿ ಹೇಳಿದ್ದರು.

ಹುಡುಗಿ ಒಳಗೆ ಬಂದು, ವಿಂಡೋಸಿನ ಸಾಫ್ಟ್‌ವೇರನ್ನು ಲಿನಕ್ಸಿನಲ್ಲಿ ಓಡಿಸುವ ಟೂಲನ್ನು ತಾನೇ ಕಟ್ಟಿಕೊಡುತ್ತೇನೆ ಎಂದಳು. ಒಂದು ಕೇಳಿದ್ದನ್ನು ಇನ್ನೊಂದಕ್ಕೆ ತಿಳಿಯುವ ಹಾಗೆ ಹೇಳಿ, ಉತ್ತರ ತಂದುಕೊಡುವುದಷ್ಟೇ ಅದರ ಕೆಲಸ. ಮದುವೆ ದಲ್ಲಾಳಿಗಳು ಮಾಡುವುದೂ ಇದನ್ನೇ ಆದ್ದರಿಂದ ನಮಗೆ ಬೇಗ ಅರ್ಥವಾಯಿತು. ಟೂಲು ಓಪನ್ ಸೋರ್ಸ್ ಆಗಿರುತ್ತದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು ಎಂದಳು. ತಪ್ಪಾದರೆ ಯಾರಿಗೆ ನೋಟೀಸು ಕೊಡುವುದು ಎಂದು ಅಧಿಕಾರಿಗಳು ಕೇಳಿದರು. ಎಲ್ಲರಿಗೂ ಕೊಡಬಹುದು ಎಂದಾಗ ಅವರ ಮುಖ ಅರಳಿತು.

ಹುಡುಗಿ ನಿದ್ದೆಗೆಟ್ಟು ಟೂಲು ಕಟ್ಟಿದಳು. ಪರೀಕ್ಷೆಗೆಂದು ನನ್ನ ಹೆಸರನ್ನೂ ಮೌಸಮ್ಮನ ಹೆಸರನ್ನೂ ತುಂಬಿಸಿ ಮೌಸಮ್ಮನೇ ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಪ್ರಮಾಣಪತ್ರ ಬಂದುಬಿಟ್ಟಿತು. ಡಬ್ಬಿಯ ಮುಚ್ಚಳ ಇನ್ನೂ ಮೌಸಮ್ಮನ ಕೈಯಲ್ಲೇ ಇತ್ತು.

"ಏನಮ್ಮಾ ಇದು, ಯೋಚನೆ ಮಾಡೋಕೆ ಟೈಮೇ ಕೊಡ್ಲಿಲ್ಲ?" ಎಂದರು ಅಧಿಕಾರಿಗಳು.

"ಸರ್, ಹಳೇ ಕಂಪ್ಯೂಟರ್ ಬಿಚ್ಚಿ ನೋಡ್ದೆ, ಒಳಗೆ ಒಂದು ವೈರು ಸಡಿಲ ಇತ್ತು. ಅದಕ್ಕೇ ನಿಂತುಬಿಡ್ತಿತ್ತು, ಏಟು ಹಾಕಿದ್ರೆ ಓಡ್ತಿತ್ತು. ಈಗ ಎಲ್ಲಾ ಸರಿಯಾಗಿದೆ."

"ಸರಿಯಾಗಿರೋದೇ ತಪ್ಪಮ್ಮಾ. ನಿಯಮದಲ್ಲಿ ಏಟು ಇದೆಯಲ್ಲ."

"ನಾನು ಊಟ ಯಾವಾಗ ಮಾಡ್ಲಿ?" ಎಂದು ಮೌಸಮ್ಮ ಕೇಳಿದರು.

ಪುನರಾಲೋಚನೆ ನಡೆದಿಲ್ಲವೆಂದು ನನ್ನ ಮದುವೆಯನ್ನು ಅಲ್ಲೇ ರದ್ದುಪಡಿಸಲಾಯಿತು. ನನಗೆ ಸ್ವಲ್ಪ ಬೇಸರವಾಯಿತು. ಹುಡುಗಿಗೆ ಮಾತ್ರ ಕಣ್ಣಲ್ಲಿ ನೀರೇ ಬಂತು, ಕಿಟಕಿ ಕೈತಪ್ಪುತ್ತಿದೆಯಲ್ಲ. ಮನೆಗೆ ಹೋದವಳೇ, ನನ್ನ ಟೂಲು ಚೆನ್ನಾಗಿ ಕೆಲಸ ಮಾಡುತ್ತಿದೆ, ದಯಮಾಡಿ ಯಾರಾದರೂ ಸಹಾಯ ಮಾಡಿ ಎಂದು ಇಂಟರ್ನೆಟ್ಟಿನಲ್ಲಿ ಅಂಗಲಾಚಿದಳು.

ಜಗತ್ತಿನಲ್ಲಿ ಒಳ್ಳೆಯವರು ಇನ್ನೂ ಇದ್ದಾರೆ. ಎಲ್ಲಿಯದೋ ಜನನ ನೋಂದಣಿ ಕಚೇರಿಯವನೊಬ್ಬ ತಮ್ಮಲ್ಲೂ ಇದೇ ತೊಂದರೆ, ಆದರೆ ತಾವು ಒದೆಯುವುದು ಎಂದು ತಿಳಿಸಿ, ಬೇಕಾದಾಗ ಬೇಕಾದಷ್ಟು ಹೊತ್ತು ಸ್ತಬ್ಧವಾಗಿ ನಿಲ್ಲುವ ಕೋಡನ್ನು ಕಳಿಸಿದ. ಏಟಿನ ಸದ್ದನ್ನು ಮೈಕಿನಿಂದ ಕೇಳಿಸಿಕೊಂಡು ಎಡವೋ ಬಲವೋ ಎಂದು ಪತ್ತೆಹಚ್ಚುವ ಭಾಗವನ್ನು ಇನ್ನೊಬ್ಬಳು ಬರೆದಳು. ಬಂದರು ಕಚೇರಿಯೊಂದರವರು ತಾವು ಕೈ ಎತ್ತುವುದಿಲ್ಲ, ಬೈಯುತ್ತೇವೆ ಅಷ್ಟೇ ಎಂದರು. ಬೈಗುಳವನ್ನೂ ಸೇರಿಸಲಾಯಿತು. ಇಷ್ಟೆಲ್ಲ ಯಾಕೆ, ವೇಗವಾಗಿಯೇ ಓಡಲಿ ಬಿಡಿ ಎಂದವನೊಬ್ಬನನ್ನು ಎಲ್ಲರೂ ಸೇರಿ ತರಾಟೆಗೆ ತೆಗೆದುಕೊಂಡರು. ಅವನು ಕ್ಷಮೆ ಕೇಳಿದ.

ತಿಂಗಳ ಕೊನೆಯ ದಿನ ಎರಡನೆಯ ಪರೀಕ್ಷೆ. ಈ ಸಲ ಹುಡುಗಿ ತನ್ನ ಹೆಸರನ್ನೂ ಕನ್ನಡಕದಂಗಡಿಯವನ ಹೆಸರನ್ನೂ ಕೊಟ್ಟು ಗುಂಡಿ ಒತ್ತಿಸಿದಳು. 'ದಯವಿಟ್ಟು ಕಾಯಿರಿ' ಎಂದು ಬಂದು ಎಲ್ಲವೂ ನಿಂತಿತು. ಅಧಿಕಾರಿಗಳು ತೃಪ್ತಿಯಿಂದ ಕಣ್ಣು ಮುಚ್ಚಿದರು. ಮೌಸಮ್ಮ ಡಬ್ಬಿ ಬಿಚ್ಚಿದರು. ಜೋಡಿ ಬೆಂಚಿನ ಮೇಲೆ ಕೂತಿತು.

"ಬರೆದಿರೋಳು ನೀನೇ ತಾನೆ," ಎಂದು ಹುಡುಗ ಮೆಲ್ಲಗೆ ಕೇಳಿದ, "ಏಟಿಲ್ದೆ ಮುಂದೆ ಹೋಗೋಕೆ ಒಂದು ಕಳ್ಳದಾರಿ ಇಟ್ಟಿರ್ತೀಯಲ್ಲ?"

"ಇಟ್ಟಿದ್ದೀನಿ."

"ಮತ್ತೆ ಒತ್ತಬಾರ್ದಾ? ಮನೆ ಕೈಬಿಟ್ಟು ಹೋಗುತ್ತೆ."

"ಇರು. ಯೋಚನೆ ಮಾಡ್ತಿದ್ದೀನಿ."

ಹುಡುಗನ ಮುಖ ಬಿಳಿಚಿಕೊಂಡಿತು. ನೀರು ಕುಡಿಯಲು ಏಳಲಿದ್ದವನು ಹಾಗೇ ಕೂತ. ಅವಳು ಅವನ ಕಾಲರು ನೋಡಿದಳು, ಕಿವಿ ನೋಡಿದಳು, ಅವನು ಮೂಗಿನ ಮೇಲಿನ ಕನ್ನಡಕವನ್ನು ಮತ್ತೆ ಮತ್ತೆ ಒರೆಸಿಕೊಳ್ಳುವುದನ್ನು ನೋಡಿದಳು. ಮೌಸಮ್ಮ ಕೈ ತೊಳೆದು ಬಂದಾಗ ಅವಳು ಎದ್ದು ನಿಂತು, "ಎಡಗಡೆ ಮೇಡಂ, ಜೋರಾಗಿ," ಎಂದಳು.

ಏಟು ಬಿತ್ತು, ಪ್ರಮಾಣಪತ್ರ ಬಂತು. ಅದನ್ನು ಹಿಡಿದು ಇಬ್ಬರೂ ಓಡಿದರು. ಈಗ ಹಲವು ಕಚೇರಿಗಳಲ್ಲಿ ಈ ಟೂಲು ಬಳಕೆಯಲ್ಲಿದೆ. ನಾನೂ ಊಟದ ಡಬ್ಬಿ ತರಲು ಶುರುಮಾಡಿದ್ದೇನೆ, ಮೌಸಮ್ಮ ಪಕ್ಕದಲ್ಲಿ ಜಾಗ ಬಿಟ್ಟಿರುತ್ತಾರೆ. ಪುನರಾಲೋಚನೆ ನಡೆಯುತ್ತಿದೆ.

ಆ ದಿನ ಸಂಜೆ ನಡೆದದ್ದನ್ನು ಕನ್ನಡಕದಂಗಡಿಯವನೇ ನನಗೆ ಹೇಳಿದ. ಮನೆಯೊಡತಿ ಪತ್ರ ನೋಡಿ ಬೀಗದ ಕೈ ಕೊಟ್ಟರಂತೆ. ಬೀಗ ತೆಗೆದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಇವನು ಹೆಗಲು ಕೊಟ್ಟು ನೂಕಲು ಹೋದಾಗ ಹೆಂಡತಿ ಅಂಗಿ ಹಿಡಿದು ಎಳೆದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು, ಕಟ್ಟಿಸಿಕೊಂಡು ಬಂದಿದ್ದನ್ನು ಬಿಚ್ಚಿ ತಿಂದು, ನಲ್ಲಿಯಲ್ಲಿ ಕೈ ತೊಳೆದರು. ಆಮೇಲೆ ಅವಳು ಎದ್ದು ಬಾಗಿಲಿನ ಎಡಪಕ್ಕಕ್ಕೆ ಒಂದು ಬಿಗಿದಳು. ಬಾಗಿಲು ತೆರೆಯಿತು.

ಮನೆಯೊಡತಿ ಇಷ್ಟನ್ನೂ ನಿಂತು ನೋಡಿದರು. ಹಿಂದೆ ಇದ್ದವರು ಬಾಗಿಲನ್ನು ನೂಕಿಕೊಂಡು ಸೀದಾ ಒಳಗೆ ಹೋಗುತ್ತಿದ್ದರು, ಅದಕ್ಕೇ ಅವರು ಒಟ್ಟಿಗೆ ಬಹಳ ದಿನ ಬಾಳಲಿಲ್ಲ ಎಂದರಂತೆ.