ಒಂದು ಪ್ರಶ್ನೆಗೆ ಒಂದೇ ಸಾಲು

ದೊಡ್ಡಮ್ಮನವರದು ಗೌರವಸ್ಥ ಮನೆತನ. ಇದು ಅಭಿಪ್ರಾಯವಲ್ಲ, ಸಂಗತಿ. ಆ ಮನೆಯಲ್ಲಿ ನ್ಯಾಯಾಧೀಶರಿದ್ದರು, ಶಸ್ತ್ರವೈದ್ಯರಿದ್ದರು, ಅಂಗಿಯ ಮೇಲಿನ ಗುಂಡಿ ಹಾಕದೆ ಊಟದ ಮೇಜಿಗೆ ಬಂದವರು ಮಾತ್ರ ಯಾರೂ ಇರಲಿಲ್ಲ. ಅವರ ಮನೆಗೆ ಬರೆದ ಪತ್ರ ಎಂದೂ ಹಿಂದಿರುಗಿದ್ದಿಲ್ಲ. ಸ್ವತಃ ಅವರು ಕಾನ್ವೆಂಟಿನಲ್ಲಿ ಓದಿ, ಶಿಸ್ತಿನ ಪದಕ ಪಡೆದು ಹೊರಬಂದವರು. ಬೀದಿಯವರೆಲ್ಲ ಅವರನ್ನು ಕರೆಯುವುದು ದೊಡ್ಡಮ್ಮ ಎಂದೇ, ಆದರೆ ಎದ್ದು ನಿಂತು.

ಹೀಗಿರಲಾಗಿ, ಅದೇ ಕಾನ್ವೆಂಟಿನ ಶತಮಾನೋತ್ಸವ ಸಮಿತಿ ಸಮಾರಂಭದ ಅಧ್ಯಕ್ಷತೆ ವಹಿಸಬೇಕೆಂದು ಕೋರಿ ಅವರಿಗೆ ಕಳಿಸಿದ ಇಮೇಲ್, "ಇಂಥವರು ಯಾರೂ ಇಲ್ಲ" ಎಂಬ ಷರಾದೊಂದಿಗೆ ವಾಪಸ್ಸಾಯಿತು. ಸಮಿತಿಯ ಕಾರ್ಯದರ್ಶಿ ಫೋನಿನಲ್ಲಿ ವಿನಯದಿಂದ ವಿಷಯ ತಿಳಿಸಿದರು.

"ಇಮೇಲ್ ತಲುಪದೆ ಕರೆದ ಹಾಗಾಗಲ್ಲ ದೊಡ್ಡಮ್ಮ. ನಿಯಮ. ಶುಕ್ರವಾರದೊಳಗೆ ತಲುಪದಿದ್ದರೆ ಕುರ್ಚಿ ನಿಮ್ಮ ಓರಗಿತ್ತಿಯವರಿಗೆ ಹೋಗುತ್ತೆ."

"ಅವಳಿಗಾ? ಅರ್ಧಕ್ಕೇ ಶಾಲೆ ಬಿಟ್ಟವಳಿಗಾ?"

"ಬಿಟ್ಟವರೇ. ಆದರೆ ಅವರು ಇದ್ದಾರಲ್ಲ?"

ದೊಡ್ಡಮ್ಮನವರು ಸೀರೆಯ ನೆರಿಗೆ ಸರಿಪಡಿಸಿಕೊಂಡು ನಗರದ ಮೇಲ್ ಸರ್ವರ್ ಕಚೇರಿಗೆ ಹೊರಟರು.

ಆ ಕಚೇರಿಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಟಪಾಲು ಯಂತ್ರ. ಅದಕ್ಕೆ ಯಾರ ಪರಿಚಯವೂ ಇಲ್ಲ. ಪ್ರತಿ ಇಮೇಲ್ ಬಂದಾಗಲೂ ಅದು ತಂತಿಯ ಮೂಲಕ ಎರಡನೆಯ ಕೋಣೆಗೆ "ಇಂಥವರು ಇದ್ದಾರೆಯೆ?" ಎಂದು ಒಂದು ಸಾಲು ಕಳಿಸುತ್ತದೆ. ಎರಡನೆಯ ಕೋಣೆಯ ವಿಳಾಸ ಕೋಷ್ಟಕದಿಂದ ಒಂದು ಸಾಲು ಉತ್ತರ ಹೋಗುತ್ತದೆ. ಉತ್ತರಿಸುವ ತಂತ್ರಾಂಶ ಇನ್ನೂ ಮಂಜೂರಾಗದ ಕಾರಣ ಮೇಲ್ವಿಚಾರಕರೇ ತಾತ್ಕಾಲಿಕವಾಗಿ ಕೈಯಿಂದ ಟೈಪ್ ಮಾಡುತ್ತಿದ್ದರು. ಈ ತಾತ್ಕಾಲಿಕ ವ್ಯವಸ್ಥೆಯಲ್ಲಿ ಅವರಿಗೆ ಎರಡು ಬಡ್ತಿ ಸಿಕ್ಕಿತ್ತು. ಗೋಡೆಯ ಮೇಲೆ ಪ್ರಕಟಣೆಯಿತ್ತು:

"ಸಾರ್ವಜನಿಕರ ಗಮನಕ್ಕೆ. ಒಂದು ಪ್ರಶ್ನೆಗೆ ಒಂದೇ ಸಾಲಿನ ಉತ್ತರ. ಇನ್ನೂರು ಎಂದರೆ ಇದ್ದಾರೆ; ಅದರ ಮುಂದೆ ಬರೆದ ಹೆಸರಿಗೆ ಟಪಾಲು ಸಲ್ಲತಕ್ಕದ್ದು. ಐನೂರು ಎಂದರೆ ಇಲ್ಲ. ನಾನೂರು ಎಂದರೆ ಈಗ ಹೇಳಲಾಗದು, ಆಮೇಲೆ ಕೇಳಿ. ಇದರ ಹೊರತು ಲೋಕದಲ್ಲಿ ಬೇರೆ ಉತ್ತರವಿರುವುದಿಲ್ಲ. ಉತ್ತರಿಸಿದವರು ಯಾರೆಂದು ಯಂತ್ರವು ಕೇಳತಕ್ಕದ್ದಲ್ಲ."

"ನಾನು ಇಲ್ಲ ಅಂತ ಹೇಳಿದ್ದು ಯಾರು?" ಎಂದರು ದೊಡ್ಡಮ್ಮ.

"ಕೋಷ್ಟಕ ಹೇಳಿದ್ದು ಅಮ್ಮಾ. ನಾನು ಟೈಪ್ ಮಾಡಿದ್ದಷ್ಟೇ."

"ನಿನ್ನ ಕಣ್ಣೆದುರಿಗೇ ನಿಂತಿದ್ದೀನಲ್ಲಪ್ಪ!"

"ನಿಂತಿದ್ದೀರಿ, ಅದಕ್ಕೆ ನಾನು ಬೇಡ ಅನ್ನಲ್ಲ. ಇದ್ದೀರಿ ಅನ್ನೋದು ಬೇರೆ ವಿಭಾಗ."

"ಹಾಗಾದರೆ ನನ್ನ ಹೆಸರು ಬರೆದುಕೋ."

"ಬರೆಸೋಕೆ ಒಂದು ಆಜ್ಞೆ ಇದೆ ಅಮ್ಮಾ. ನಿಯಮಾವಳಿಯಲ್ಲಿ ಅಚ್ಚಾಗಿದೆ. ಜಾರಿಗೆ ಬಂದಿಲ್ಲ."

"ಮತ್ತೆ ಉಳಿದವರೆಲ್ಲ ಹೇಗೆ ಬಂದರು?"

"ಅವರು ಮೊದಲಿಂದಲೂ ಇದ್ದಾರೆ."

ಮೇಲ್ವಿಚಾರಕರು ಕಲ್ಲೆದೆಯವರಲ್ಲ. ದೊಡ್ಡ ಮನೆತನದವರಿಗೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಲು ತಮಗೂ ಮುಜುಗರವೆಂದು ತಿಳಿಸಿ, ವಿಶೇಷ ಗೌರವಾರ್ಥ ಅವರನ್ನು ಐನೂರರಿಂದ ನಾನೂರಕ್ಕೆ ಏರಿಸಿದರು. ಸಮಿತಿ ಆಹ್ವಾನವನ್ನು ಮತ್ತೆ ಕಳಿಸಿತು. ಅದು ವಾಪಸ್ಸಾಗದೆ, ತಲುಪದೆ, ಸರದಿ ಸಾಲಿನಲ್ಲಿ ಗೌರವದಿಂದ ನಿಂತಿತು. ಅಂದು ಶುಕ್ರವಾರ. ಮೇಲ್ವಿಚಾರಕರು ಟೀ ಕುಡಿಯಲು ಹೋದರು.

ಕಚೇರಿಗಳಲ್ಲಿ ನಿಂತು ಕಾಯುವ ರೂಢಿ ದೊಡ್ಡಮ್ಮನವರ ಮನೆತನದಲ್ಲಿ ಇರಲಿಲ್ಲ. ಖಾಲಿ ಇದ್ದದ್ದು ಒಂದೇ ಕುರ್ಚಿ, ಮೇಲ್ವಿಚಾರಕರದು. ಅವರು ಕೂತ ಕೂಡಲೇ ಪರದೆಯ ಮೇಲೆ ಯಂತ್ರ ಮತ್ತೆ ಕೇಳಿತು, ಅವರದೇ ಹೆಸರು ಹಿಡಿದು: ಇಂಥವರು ಇದ್ದಾರೆಯೆ?

ಪ್ರಶ್ನೆ ಕೇಳಿದಾಗ ಪೂರ್ಣ ಉತ್ತರ ಕೊಡಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಮೊದಲಿನಿಂದಲೇ ಆರಂಭಿಸುವುದು ಸಭ್ಯತೆ. ದೊಡ್ಡಮ್ಮನವರು "ಇನ್ನೂರು" ಎಂದು ಹೊಡೆದು, ಮುಂದೆ ಮುತ್ತಜ್ಜನವರ ಹೆಸರು, ಬಿರುದು, ಮನೆಯ ವಿಳಾಸ ಬರೆದರು. ಪ್ರತಿಯೊಬ್ಬರಿಗೂ ಹೊಸ ಸಾಲು, ಅಂದವಾಗಿರಲೆಂದು ಪ್ರತಿ ಸಾಲಿನ ಮೊದಲಿಗೂ ಇನ್ನೂರು. ಅಜ್ಜ, ತಂದೆ, ಸೋದರಮಾವ, ಮದುವೆಯಾಗದ ಇಬ್ಬರು ಸೋದರತ್ತೆಯರು. ತಮ್ಮ ಹೆಸರನ್ನು ವಿನಯದಿಂದ ಕೊನೆಗಿಟ್ಟರು.

ಯಂತ್ರ ಒಂದು ಪ್ರಶ್ನೆಗೆ ಒಂದೇ ಸಾಲು ಓದುತ್ತದೆ. ಆಹ್ವಾನ ಮುತ್ತಜ್ಜನವರಿಗೆ ಹೋಯಿತು. ಎರಡನೆಯ ಸಾಲು ಮುಂದಿನ ಪ್ರಶ್ನೆಗೆ ಉತ್ತರವಾಯಿತು. ಹೀಗಾಗಿ ದಂತವೈದ್ಯರ ಟಪಾಲು ಅಜ್ಜನವರಿಗೆ, ಬೇಕರಿಯವನದು ತಂದೆಯವರಿಗೆ, ಬ್ಯಾಂಕಿನದು ದೊಡ್ಡ ಸೋದರತ್ತೆಗೆ ಸಲ್ಲತೊಡಗಿತು. ಕೊನೆಯ ಸಾಲು ಬಂದಾಗ ಯಂತ್ರ ಕೇಳಿದ್ದು ದೂರು ವಿಭಾಗದ ವಿಳಾಸವನ್ನು. ಅದು ದೊಡ್ಡಮ್ಮನವರೆಂದು ದಾಖಲಾಯಿತು.

ಟೀ ಮುಗಿಸಿ ಬಂದ ಮೇಲ್ವಿಚಾರಕರು ಪರದೆ ನೋಡಿ ಸಂತೋಷಪಟ್ಟರು. "ಎಲ್ಲಾ ಇನ್ನೂರು! ಇಷ್ಟು ಚೊಕ್ಕ ಕೆಲಸ ಈ ಕಚೇರೀಲಿ ಆಗಿದ್ದೇ ಇಲ್ಲ. ಇನ್ಮೇಲೆ ಕೋಷ್ಟಕ ಇದೇ."

ಊರು ಹೊಂದಿಕೊಂಡಿತು. ಸಂಜೆ ಹೊತ್ತು ದಂತವೈದ್ಯರೂ ಬೇಕರಿಯವನೂ ದೊಡ್ಡಮ್ಮನವರ ಜಗಲಿಯಲ್ಲಿ ಕೂತು ತಂತಮ್ಮ ಟಪಾಲು ಓದಿಸಿಕೊಂಡು ಹೋಗುತ್ತಿದ್ದರು. "ನಿಮ್ಮಜ್ಜನಿಗೆ ಹಲ್ಲುನೋವಿನವರು ಬಹಳ ಬರೀತಾರಲ್ಲ," ಎಂದು ಬೇಕರಿಯವನು ನಗುತ್ತಿದ್ದ. ದೂರುಗಳೂ ಬಂದವು. ದೊಡ್ಡಮ್ಮನವರು ಅವುಗಳ ವ್ಯಾಕರಣ ತಿದ್ದಿ, ಅಂಕ ಕೊಟ್ಟು ಹಿಂದಿರುಗಿಸಿದರು. ಎರಡನೆಯ ಸಲ ದೂರುವ ಧೈರ್ಯ ಯಾರೂ ಮಾಡದ್ದರಿಂದ, ದೂರುಗಳೆಲ್ಲ ಇತ್ಯರ್ಥವಾಗಿವೆಯೆಂದು ಕಚೇರಿಗೆ ಪ್ರಶಸ್ತಿ ಬಂತು.

ಸಮಾರಂಭದ ದಿನ ಅಧ್ಯಕ್ಷರ ಕುರ್ಚಿಯಲ್ಲಿ ಮುತ್ತಜ್ಜನವರ ನಾಮಫಲಕವಿತ್ತು. ಪಕ್ಕದಲ್ಲಿ, ವಯಸ್ಸಾದವರಿಗೆ ಒಬ್ಬರು ಜೊತೆಗಿರಬೇಕೆಂಬ ನಿಯಮದಂತೆ, ದೊಡ್ಡಮ್ಮನವರು ನೆಟ್ಟಗೆ ಕೂತಿದ್ದರು. ಓರಗಿತ್ತಿ ಕೆಳಗೆ ಮೂರನೆಯ ಸಾಲಿನಲ್ಲಿದ್ದಳು. ಮುತ್ತಜ್ಜನವರ ಮಿತಭಾಷೆಯನ್ನು ಸಭೆ ಮೆಚ್ಚಿತು. ಎಲ್ಲವೂ ಸುಸೂತ್ರವಾಗಿ ನಡೆದು, ಕಾರ್ಯದರ್ಶಿ ವಂದನಾರ್ಪಣೆಗೆ ಎದ್ದು, "ದಿವಂಗತರಾದ ನಮ್ಮ ಅಧ್ಯಕ್ಷರು..." ಎಂದುಬಿಟ್ಟರು.

ಮೇಲ್ವಿಚಾರಕರು ಹಣೆ ಚಚ್ಚಿಕೊಂಡರು. ಓರಗಿತ್ತಿ ಕೂಡ, "ಛೆ, ಎದುರಿಗೇ ಹಾಗನ್ನೋದಾ?" ಎಂದಳು.

ದೊಡ್ಡಮ್ಮನವರು ಎದ್ದು ಮೈಕಿನ ಬಳಿಗೆ ನಡೆದರು.

"ಕೋಷ್ಟಕದಲ್ಲಿ ಅವರು ಇನ್ನೂರು," ಎಂದರು. "ಕ್ಷಮೆ ಕೇಳಿ."