ಸಹಜವಾಗಿ ಕೈ ತೋರಿಸುವ ಕಷ್ಟ

ಅಳತೆಯಿಲ್ಲದ ಕೆಲಸ ಕಂಡರೆ ನನಗೆ ಮೈ ಉರಿಯುತ್ತದೆ. ಪೆರಿಯನಾಯಕನಪಾಳ್ಯಂನ ಮಿಲ್ಲೊಂದರಲ್ಲಿ ಮೂವತ್ತೈದು ವರ್ಷ ಟೈಮ್ ಆಫೀಸಿನಲ್ಲಿ ಕೆಲಸಗಾರರ ಹಾಜರಿ ನೋಡಿಕೊಂಡವನು ನಾನು. ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವುದಕ್ಕೂ ಒಂದು ಕ್ರಮವಿದೆ. ಯಾರೂ ಪಾಲಿಸುವುದಿಲ್ಲ, ಅದು ಬೇರೆ ಮಾತು.

ಹೆಂಡತಿ ಸುಶೀಲೆಯ ಬೆರಳಚ್ಚನ್ನು ಇದುವರೆಗೆ ಯಾವ ಯಂತ್ರವೂ ಒಪ್ಪಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯಲ್ಲಿ ಹತ್ತೂ ಬೆರಳನ್ನು ಒತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತುವಾಗ ಹಿಂದಿನ ಸಾಲು ಗೊಣಗುತ್ತದೆ. ಅವಳು ತಪ್ಪು ಮಾಡಿದವಳಂತೆ ತಲೆ ತಗ್ಗಿಸುತ್ತಾಳೆ. ಅದಕ್ಕೇ, ನಮ್ಮ ಮಹಡಿಗೆ ಬಾಡಿಗೆಗೆ ಬಂದಿರುವ ದಾವಣಗೆರೆಯ ಇಂಜಿನಿಯರ್ ಮೇಘನಾ, "ಅಂಕಲ್, ಮುಟ್ಟದೆ ದೂರದಿಂದಲೇ ಬೆರಳಚ್ಚು ತೆಗೆಯೋ ಕ್ಯಾಮೆರಾಗಳಿಗೆ ನಿಯಮ ಬರೀತಿದ್ದೀವಿ. ಹಿರಿಯರ ಕೈ ಪರೀಕ್ಷಿಸದೆ ಬರೆದ್ರೆ ಅವು ಎಳೆ ಕೈಗಳನ್ನ ಮಾತ್ರ ಓದ್ತವೆ. ನೀವೂ ಸೇರಿ ಆರು ಜನ ನಮ್ಮ ಲ್ಯಾಬಿಗೆ ಬರ್ತೀರಾ?" ಎಂದಾಗ ನಾನು ಎದ್ದು ನಿಂತೇಬಿಟ್ಟೆ.

"ಎಷ್ಟು ಅಂಗುಲ ದೂರ ಹಿಡಿಯಬೇಕು?"

"ಅದನ್ನ ತಿಳ್ಕೊಳ್ಳೋಕೇ ಪರೀಕ್ಷೆ, ಅಂಕಲ್. ಸುಮ್ನೆ ತೋರಿಸಿದ್ರೆ ಸಾಕು."

ಸುಮ್ನೆ! ಅದೂ ಒಂದು ಅಳತೆಯೇ? ನಾನೇ ನಿಯಮ ಮಾಡಿದೆ: ಎಂಟು ಅಂಗುಲ ದೂರ, ಬೆರಳು ನೆಟ್ಟಗೆ, ಹತ್ತು ಎಣಿಸುವವರೆಗೆ ಅಲುಗಾಡಬಾರದು. ಮೂರು ದಿನ ಪಾರ್ಕಿನಲ್ಲಿ ಸ್ಕೇಲು ಹಿಡಿದು ಕವಾಯತು ಮಾಡಿಸಿದೆ. ವಾಕಿಂಗ್ ಗೆಳೆಯ ಪಳನಿಸಾಮಿ ಆಶೀರ್ವಾದ ಮಾಡುವವನಂತೆ ಕೈ ಎತ್ತಿದ, ತಿದ್ದಿದೆ. "ಕೈ ವಲಿಕ್ಕುದು ಸಾರ್" ಎಂದು ತಮಿಳಿನಲ್ಲಿ ನೋವು ಹೇಳಿಕೊಂಡು ತೋಳು ನೀವಿಕೊಂಡ, ಬಿಡಲಿಲ್ಲ. "ಏನ್ರೀ, ಕೈ ತೋರ್ಸೋದಕ್ಕೂ ಟ್ಯೂಷನ್ನಾ?" ಎಂದಳು ಸುಶೀಲೆ.

ಪರೀಕ್ಷೆಯ ದಿನ ನಾನೂ ಸೇರಿ ಆರೂ ಜನರಿಗೆ ಹಸಿರು ದೀಪ. ಸುಶೀಲೆ ತನ್ನ ಬೆರಳನ್ನು ಯಾರದೋ ಬೆರಳೆಂಬಂತೆ ನೋಡಿಕೊಂಡಳು. ಮೇಘನಾ ಮಾತ್ರ ಹುಬ್ಬು ಗಂಟಿಕ್ಕಿ, "ಎಲ್ಲರೂ ಒಂದೇ ಥರ ಹಿಡಿದ್ರಿ. ಯಾರಾದ್ರೂ ಹೇಳಿಕೊಟ್ರಾ?" ಎಂದಳು. ಐದು ಕೈಗಳು ನನ್ನತ್ತ ತಿರುಗಿದವು. ಅದಕ್ಕೆ ಯಾರಿಗೂ ತರಬೇತಿ ಬೇಕಾಗಲಿಲ್ಲ.

"ಎಲ್ಲಾ ವೇಸ್ಟ್, ಅಂಕಲ್. ರೇಷನ್ ಅಂಗಡೀಲಿ ನೀವು ಪಕ್ಕದಲ್ಲಿ ನಿಂತು ಎಣಿಸ್ತೀರಾ? ಆಂಟಿ ಹೇಗೆ ತೋರಿಸಿದ್ರೂ ಅದು ಓದ್ಬೇಕು."

ಸೋಮವಾರ ಮತ್ತೆ ಪರೀಕ್ಷೆ. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಸುಶೀಲೆ ಮೇಘನಾಗೆ ರಸದ ಪುಡಿಯ ವಿಷಯ ಹೇಳುತ್ತಲೇ ಕೈ ಚಾಚಿದಳಂತೆ. ಎರಡನೆಯ ಸಲಕ್ಕೆ ಹಸಿರಾಯಿತಂತೆ. ಅವಳ ಕೈ ಈಗ ನಿಯಮದೊಳಗೆ ಸೇರಿದೆ. ಬಾಕಿ ಉಳಿದದ್ದು ನನ್ನದೊಂದೇ. "ಸಹಜವಾಗಿ ತೋರಿಸೋಕೆ ಬಂದಾಗ ಬನ್ನಿ, ಅಂಕಲ್" ಎಂದಿದ್ದಾಳೆ ಮೇಘನಾ. ಹಾಗಾಗಿ ದಿನಾ ಬೆಳಿಗ್ಗೆ ಸರಿಯಾಗಿ ಐದೂವರೆಗೆ ಕನ್ನಡಿಯ ಮುಂದೆ ನಿಂತು, ಹತ್ತು ನಿಮಿಷ, ಸಹಜವಾಗಿ ಕೈ ತೋರಿಸುವ ಅಭ್ಯಾಸ ಮಾಡುತ್ತಿದ್ದೇನೆ.